ಬಾವಲಿಗೆ ಗುಹೆ, ಕಾರವಿಗೆ ಬೇಸಿಗೆ: ಭೀಮಗಡದ ಎರಡು ಲೆಕ್ಕ

ಭೀಮಗಡ ಅಂದಕೂಡಲೇ ಬೆಳಗಾವಿಯಲ್ಲಿ ಮಾತು ಹುಲಿಯ ಕಡೆಗೋ ಮಹದಾಯಿ ನೀರಿನ ಕಡೆಗೋ ಹೊರಳುತ್ತದೆ. ಎರಡೂ ದೊಡ್ಡ ವಿಷಯಗಳೇ, ತಕರಾರಿಲ್ಲ. ಆದರೆ ಖಾನಾಪುರ ತಾಲೂಕಿನ ಈ 190.42 ಚದರ ಕಿಲೋಮೀಟರ್ ಅಭಯಾರಣ್ಯವನ್ನು ಕಾಯುವ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಬೇಕಾದರೆ ಹುಲಿಗಿಂತ ಸಣ್ಣ ಎರಡು ಜೀವಗಳನ್ನು ನೋಡುವುದು ಒಳ್ಳೆಯದು. ಒಂದು, ಅಂಗೈಯಲ್ಲಿ ಹಿಡಿಸುವ ಬಾವಲಿ. ಇನ್ನೊಂದು, ಆಳೆತ್ತರ ಮೀರಿ ಬೆಳೆದು, ವರ್ಷಗಟ್ಟಲೆ ಸುಮ್ಮನಿದ್ದು, ಒಂದೇ ಸಲ ಹೂಬಿಟ್ಟು ಸಾಯುವ ಕಾರವಿ ಪೊದೆ.

ಪ್ರಾಣಿಯನ್ನೂ ಗಿಡವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಎಮ್ಮೆಗೂ ಏತಕ್ಕೂ ಜೋಡಿ ಕಟ್ಟಿದಂತೆ ಕಾಣಬಹುದು. ಇಲ್ಲಿ ಅದಕ್ಕೊಂದು ಕಾರಣವಿದೆ. ಈ ಬಾವಲಿ ಒಂದು ಜಾಗಕ್ಕೆ ಕಟ್ಟಿಬಿದ್ದ ಜೀವ, ಕಾರವಿ ಒಂದು ವರ್ಷಕ್ಕೆ ಕಟ್ಟಿಬಿದ್ದ ಜೀವ. ನಮ್ಮ ಸಂರಕ್ಷಣೆಯ ಸಲಕರಣೆಗಳೆಲ್ಲ, ಅಂದರೆ ಗಡಿ, ಅಧಿಸೂಚನೆ, ನಕಾಶೆ, ಗೇಟು, ಜಾಗವನ್ನು ಕಾಯಲು ಮಾಡಿದವು. ವರ್ಷವನ್ನು ಕಾಯುವ ಸಲಕರಣೆ ಇಲಾಖೆಯ ಕಪಾಟಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಭಯಾರಣ್ಯದೊಳಗಿನ ತಳೇವಾಡಿಯ ಕುಟುಂಬಗಳನ್ನು ಹೊರಗೆ ಪುನರ್ವಸತಿ ಮಾಡುವ ಕೆಲಸ 2025ರಲ್ಲಿ ಪರಿಹಾರದ ಮೊದಲ ಕಂತಿನೊಂದಿಗೆ ಶುರುವಾಗಿರುವುದರಿಂದ ಈ ಪ್ರಶ್ನೆಗೆ ಈಗ ಇನ್ನಷ್ಟು ತುರ್ತು ಬಂದಿದೆ. ಬಾವಲಿಯ ಗುಹೆ ಇರುವುದು ಅದೇ ತಳೇವಾಡಿಯ ಹತ್ತಿರ.

ಗುಹೆಯ ಗಿರಾಕಿ

ಬಾರಾಪೆಡೆ ಗುಹೆಯ ಈ ಬಾವಲಿಯನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್, 1913ರಲ್ಲಿ. ಮುಂಬೈ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಈಗಿನ ವೈಜ್ಞಾನಿಕ ಹೆಸರು ಓಟೊಮಾಪ್ಸ್ ರಾಟೋನಿ. ಊರ ಬಾಯಲ್ಲಿ ಮಾತ್ರ ಎಲ್ಲವೂ ತೊಗಲಬಾವಲಿಯೇ.

ಗುರುತು ಹಿಡಿಯುವುದು ಕಷ್ಟವಲ್ಲ. ಮುಖಕ್ಕೆ ದೊಡ್ಡದೆನಿಸುವ ಎರಡು ಕಿವಿಗಳು ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡು, ಟೋಪಿಯ ಅಂಚಿನಂತೆ ಮುಂದಕ್ಕೆ ಚಾಚಿರುತ್ತವೆ. ಮೈ ಗಾಢ ಕಂದು, ಕತ್ತಿನ ಹಿಂಭಾಗದಲ್ಲಿ ಬೂದುಬಿಳಿಯ ಪಟ್ಟಿ. ಮುಂಗೈ ಮೂಳೆಯ ಉದ್ದ ಸುಮಾರು 65 ಮಿಲಿಮೀಟರ್. ಬಾಲದ ತುದಿ ಹಿಂಗಾಲುಗಳ ನಡುವಿನ ಪೊರೆಯಿಂದ ಹೊರಗೆ ಬಂದಿರುತ್ತದೆ, ಈ ಕುಟುಂಬದ ಬಾವಲಿಗಳಿಗೆಲ್ಲ ಇರುವ ಗುರುತು ಅದು. ರೆಕ್ಕೆ ಉದ್ದ ಮತ್ತು ಕಿರಿದು. ಆ ರೆಕ್ಕೆಯ ವಿಷಯ ನೆನಪಿರಲಿ, ಮುಂದೆ ಗುಹೆಗೆ ಗೇಟು ಹಾಕುವ ಮಾತು ಬಂದಾಗ ಅದೇ ಮುಖ್ಯವಾಗುತ್ತದೆ.

ಸುಮಾರು 90 ವರ್ಷ ಇಡೀ ಜಗತ್ತಿನಲ್ಲಿ ಈ ಬಾವಲಿಗೆ ಇದ್ದ ವಿಳಾಸ ಖಾನಾಪುರದ ಈ ಒಂದೇ ಗುಹೆ. ಕಾಂಬೋಡಿಯಾದಲ್ಲೂ ಮೇಘಾಲಯದಲ್ಲೂ ಅದು ಸಿಕ್ಕಿರುವ ವರದಿಗಳು 2001ರಿಂದ ಈಚೆಗೆ ಬಂದವು. ಇದರ ಪರಿಣಾಮ ವಿಚಿತ್ರವಾಯಿತು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ಅಳಿವಿನ ತೀರಾ ಅಂಚಿನಲ್ಲಿದೆ’ ಎಂಬ ದರ್ಜೆಯಲ್ಲಿದ್ದದ್ದು 2008ರಲ್ಲಿ ‘ಮಾಹಿತಿ ಸಾಲದು’ ಎಂಬ ದರ್ಜೆಗೆ ಬಂತು. ಇದನ್ನು ಒಳ್ಳೆಯ ಸುದ್ದಿ ಎಂದು ಓದುವವರಿದ್ದಾರೆ. ಹಾಗಲ್ಲ. ಮೇಘಾಲಯದ ಗುಹೆಯಲ್ಲಿ ಬಾವಲಿ ಸಿಕ್ಕರೆ ಬಾರಾಪೆಡೆಯಲ್ಲಿ ಒಂದೂ ಹೆಚ್ಚಾಗುವುದಿಲ್ಲ. ಖಾನಾಪುರದ ಕಾಡಿನಿಂದ ಮೇಘಾಲಯಕ್ಕೆ 2,000 ಕಿಲೋಮೀಟರ್ ಹತ್ತಿರ ದೂರ. ಅಲ್ಲಿನ ಮರಿ ಬಂದು ಇಲ್ಲಿನ ಖಾಲಿ ಗುಹೆ ತುಂಬುವುದಿಲ್ಲ.

ವರ್ಷದ ಗಿರಾಕಿ

ಕಾರವಿ ಎಂದು ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆಯವರು ಕರೆಯುವುದು ಸ್ಟ್ರೋಬಿಲಾಂಥಸ್ ಕ್ಯಾಲೋಸಾ ಎಂಬ ಪೊದೆಯನ್ನು. ಉತ್ತರ ಕನ್ನಡ, ಮಲೆನಾಡಿನ ಕಡೆ ಇದೇ ಬಳಗದ ಗಿಡಗಳಿಗೆ ಗುರಿಗೆ ಎನ್ನುತ್ತಾರೆ, ಗುರಿಗೆ ಜೇನು ಎಂಬ ಮಾತೂ ಅಲ್ಲಿಂದಲೇ ಬಂದದ್ದು. ಗಿಡ 2ರಿಂದ 4 ಮೀಟರ್ ಎತ್ತರ. ಕಾಂಡ ಗಂಟುಗಂಟಾಗಿ ಒರಟು, ಎಲೆ ದೊಡ್ಡದು, ಅಂಚು ಗರಗಸದಂತೆ, ಮುಟ್ಟಿದರೆ ಅರದ ಹಾಗೆ ತರಚುತ್ತದೆ. ಹೂ ನೇರಳೆ-ನೀಲಿ. ಹೂಗೊಂಚಲಿನ ಪುಷ್ಪಪಾತ್ರೆ ಅಂಟಂಟು, ವಾಸನೆ ಗಾಟು. ಕಡ್ಡಿ ನೆಟ್ಟಗೆ ಬೆಳೆಯುವುದರಿಂದ ಗೋಡೆಗೆ ಹೆಣೆದು ಮೇಲೆ ಸೆಗಣಿ-ಮಣ್ಣು ಮೆತ್ತುವುದು ಸಹ್ಯಾದ್ರಿಯ ಹಳೆಯ ಮನೆಕಟ್ಟುವ ರೀತಿ.

ಮುಖ್ಯ ಸಂಗತಿ ಅದರ ಕ್ಯಾಲೆಂಡರ್. ಸುಮಾರು ಎಂಟು ವರ್ಷ ಎಲೆ, ಕಾಂಡ ಮಾತ್ರ. ನಂತರ ಒಂದು ಮಳೆಗಾಲದಲ್ಲಿ ಇಡೀ ಗುಡ್ಡ ಒಟ್ಟಿಗೆ ಹೂಬಿಡುತ್ತದೆ, ಶ್ರಾವಣದಿಂದ ದೀಪಾವಳಿಯ ಆಸುಪಾಸಿನವರೆಗೆ. ಕಾಯಿ ಕಟ್ಟುತ್ತದೆ. ಗಿಡ ಒಣಗಿ ಸಾಯುತ್ತದೆ. ಸತ್ತ ಕಡ್ಡಿಯ ಮೇಲೆ ಒಣಕಾಯಿ ಬೇಸಿಗೆಯಿಡೀ ನಿಂತಿರುತ್ತದೆ. ಮುಂದಿನ ವರ್ಷದ ಮಿರಗದ (ಜೂನ್‌ನ ಮೃಗಶಿರಾ) ಮಳೆ ಬಿದ್ದು ತೇವ ತಾಗಿದಾಗ ಕಾಯಿಗಳು ಚಟಪಟ ಸಿಡಿದು ಬೀಜ ದೂರ ಚಿಮ್ಮುತ್ತದೆ. ಒಂದೊಂದು ಕಾಯಲ್ಲಿ ಬೀಜ ಎರಡೋ ನಾಲ್ಕೋ, ಅಷ್ಟೇ. ಮುಂಬೈ ಸುತ್ತಲಿನ ಬೆಟ್ಟಗಳಲ್ಲಿ ಈ ಸಾಮೂಹಿಕ ಹೂ 2008, 2016, 2024ರಲ್ಲಿ ಬಂತು. ಖಾನಾಪುರದ ಗುಡ್ಡಗಳು ಅದೇ ಪಂಚಾಂಗ ಪಾಲಿಸಬೇಕೆಂದೇನೂ ಇಲ್ಲ. ಒಂದು ಗುಡ್ಡದ ಸಾಲು ಒಂದು ವರ್ಷ, ಪಕ್ಕದ ಕಣಿವೆ ಇನ್ನೊಂದು ವರ್ಷ ಹೂಬಿಡಬಹುದು. ಆದ್ದರಿಂದ ‘ಕಾರವಿಯ ವರ್ಷ’ ಎಂದು ಇಡೀ ತಾಲೂಕಿಗೆ ಒಂದೇ ತಾರೀಖು ಹೇಳುವವರ ಮಾತನ್ನು ಅರ್ಧ ನಂಬಿದರೆ ಸಾಕು.

ಇಲ್ಲೊಂದು ಗೊಂದಲ ಬಿಡಿಸಬೇಕು. 2021ರಲ್ಲಿ ಕೊಡಗಿನ ಮಾಂದಲಪಟ್ಟಿ, 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳು ನೀಲಿಯಾದಾಗಿನಿಂದ ಕರ್ನಾಟಕದಲ್ಲಿ ಗುಡ್ಡದ ಮೇಲೆ ಕಾಣುವ ಪ್ರತಿ ನೀಲಿ ಹೂವಿಗೂ ‘ನೀಲಕುರಿಂಜಿ, 12 ವರ್ಷಕ್ಕೊಮ್ಮೆ’ ಎಂಬ ಚೀಟಿ ಅಂಟುತ್ತಿದೆ. ನೀಲಕುರಿಂಜಿ ಎಂಬುದು ನೀಲಗಿರಿ, ಪಳನಿ, ಮುನ್ನಾರ್ ಕಡೆಯ ಎತ್ತರದ ಹುಲ್ಲುಗಾವಲಿನ ಗಿಡ, ಅಲ್ಲಿ 2006ರಲ್ಲೂ 2018ರಲ್ಲೂ ಹೂಬಿಟ್ಟಿತು. ಖಾನಾಪುರದ ಗುಡ್ಡಗಳು ಆ ಎತ್ತರದ ಹತ್ತಿರಕ್ಕೂ ಹೋಗುವುದಿಲ್ಲ. ಒಂದೇ ಬಳಗ, ಬೇರೆ ಪ್ರಭೇದ, ಬೇರೆ ಗಡಿಯಾರ. ಹೆಸರು ತಪ್ಪಿದರೆ ಬರೀ ಪಾಂಡಿತ್ಯದ ತಪ್ಪಲ್ಲ, ಮುಂದಿನ ಹೂ ಯಾವಾಗ ಎಂಬ ಲೆಕ್ಕವೇ ನಾಲ್ಕು ವರ್ಷ ತಪ್ಪುತ್ತದೆ. ಕಾನೂನಿನಲ್ಲೂ ತಪ್ಪುತ್ತದೆ, ಅದನ್ನು ಆಮೇಲೆ ನೋಡೋಣ.

ಇನ್ನೊಂದು ತಪ್ಪು ಕಲ್ಪನೆ: ಹೂವೂ ಬಾವಲಿಯೂ ಒಂದೇ ಕಾಡಿನಲ್ಲಿವೆ ಅಂದಮೇಲೆ ಬಾವಲಿಯೇ ಪರಾಗ ಹೊರುತ್ತದೆ ಎನ್ನುವುದು. ಬೂರುಗ, ಹಿಪ್ಪೆಯಂಥ ಮರಗಳ ಹೂವಿಗೆ ಬರುವುದು ಹಣ್ಣುತಿನ್ನುವ ಬಾವಲಿಗಳು. ರಾಟನ್ ಬಾವಲಿ ಕೀಟ ತಿನ್ನುವಂಥದ್ದು, ಕಾಡಿನ ನೆತ್ತಿಯ ಮೇಲೆ ಬಯಲಿನಲ್ಲಿ ವೇಗವಾಗಿ ಹಾರುವಂಥದ್ದು. ಕಾರವಿಗೆ ಬರುವವರು ಹೆಜ್ಜೇನು, ತುಡುವೆ. ಇವೆರಡರ ನಡುವೆ ನೇರ ಕೊಡುಕೊಳ್ಳುವಿಕೆ ಇಲ್ಲ. ಇವನ್ನು ಹೋಲಿಸುತ್ತಿರುವುದು ನಂಟಿಗಾಗಿ ಅಲ್ಲ, ಕಾಯುವ ರೀತಿ ಎಷ್ಟು ಬೇರೆ ಎಂಬುದಕ್ಕಾಗಿ.

ಎರಡು ಬಗೆಯ ಜೂಜು

ಸಂತಾನದ ಲೆಕ್ಕ ನೋಡಿದರೆ ವ್ಯತ್ಯಾಸ ನಿಚ್ಚಳವಾಗುತ್ತದೆ. ಬಾವಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಅದರ ಗಾತ್ರದ ಇಲಿ ವರ್ಷಕ್ಕೆ ಹಲವು ಸೂಲು, ಸೂಲಿಗೆ ಹಲವು ಮರಿ. ಬಾವಲಿ ಆ ದಾರಿ ಹಿಡಿಯದೆ ದೀರ್ಘಾಯಸ್ಸಿನ ಮೇಲೆ ಪಣ ಕಟ್ಟಿದೆ, ಗುಹೆಯಲ್ಲಿ ಬದುಕುವ ಎಷ್ಟೋ ಬಾವಲಿಗಳು ಹತ್ತು ವರ್ಷ ದಾಟುತ್ತವೆ. ತಿಳಿಯಲೆಂದು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಗುಹೆಯಲ್ಲಿ 60 ಬಾವಲಿ, ಅರ್ಧ ಹೆಣ್ಣು, ವರ್ಷಕ್ಕೆ ಒಂದೊಂದು ಮರಿ ಅಂದರೆ 30. ಮೊದಲ ವರ್ಷದಲ್ಲಿ ಅರ್ಧ ಉಳಿದರೆ 15. ಒಂದು ವರ್ಷ ಮರಿ ಒಂದೂ ಉಳಿಯಲಿಲ್ಲ ಎನ್ನಿ, ಆಗಲೂ ದೊಡ್ಡವು ಹೆಚ್ಚಿನವು ಇದ್ದೇ ಇರುತ್ತವೆ, ಮುಂದಿನ ವರ್ಷ ಮತ್ತೆ ಹಾಕುತ್ತವೆ. ಪೆಟ್ಟು ಬಿತ್ತು, ಕತೆ ಮುಗಿಯಲಿಲ್ಲ. ಆದರೆ ಆ 60 ಬಾವಲಿ ಗುಹೆ ಬಿಟ್ಟುಹೋದರೆ? ಅದೇ ಉಷ್ಣತೆ, ಅದೇ ತೇವ, ಸೂರಿನಲ್ಲಿ ಒತ್ತಾಗಿ ಸೇರಿಕೊಳ್ಳಲು ಅಂಥದೇ ಬಿರುಕು ಇರುವ ಇನ್ನೊಂದು ಜಾಗ ಹುಡುಕಬೇಕು. ಶತಮಾನದಿಂದ ಅದೇ ಗುಹೆಗೆ ಅಂಟಿಕೊಂಡಿವೆ ಅಂದರೆ ಪಕ್ಕದಲ್ಲಿ ಬಾಡಿಗೆಗೆ ಮನೆ ಸಿಗುವುದು ಸುಲಭವಿಲ್ಲ ಎಂದೇ ಅರ್ಥ.

ಕಾರವಿಯದು ತದ್ವಿರುದ್ಧ. ಒಂದು ಇಳಿಜಾರಿನಲ್ಲಿ 1,000 ಗಿಡ ಇವೆ ಎನ್ನಿ. ಎಲ್ಲ ಸಾಯುತ್ತವೆ, ಅದು ನಿಶ್ಚಿತ. ಗಿಡಕ್ಕೆ ಒಂದೇ ಒಂದು ಸಸಿ ಬೆಳೆದು ದೊಡ್ಡದಾದರೂ ಇಳಿಜಾರು ಮತ್ತೆ ತುಂಬುತ್ತದೆ. ನೂರಾರು ಬೀಜದಲ್ಲಿ ಉಳಿದದ್ದನ್ನೆಲ್ಲ ಕಾಡುಕೋಳಿ, ಇಲಿ, ಇರುವೆ ತಿಂದರೂ ಚಿಂತೆಯಿಲ್ಲ. ಎಲ್ಲ ಗಿಡ ಒಟ್ಟಿಗೆ ಬೀಜ ಕೊಡುವುದರ ಹಿಂದಿನ ಉಪಾಯ ಅದೇ ಎಂಬುದು ಹೆಚ್ಚು ಒಪ್ಪಿಗೆಯಾದ ವಿವರಣೆ: ತಿನ್ನುವವರ ಹೊಟ್ಟೆ ತುಂಬಿದ ಮೇಲೂ ಬೀಜ ಮಿಗಬೇಕು. ಗುಂಪು ಬಿಟ್ಟು ತಪ್ಪು ವರ್ಷದಲ್ಲಿ ಹೂಬಿಡುವ ಒಂಟಿ ಗಿಡ ಈ ಲಾಭ ಕಳೆದುಕೊಳ್ಳುತ್ತದೆ, ಅದರ ಬೀಜ ತಿನ್ನುವವರಿಗೇ ಸಾಲುವುದಿಲ್ಲ. ಹೀಗೆ ನೂರಕ್ಕೆ 99 ಬೀಜ ಹೋದರೂ ತಡೆದುಕೊಳ್ಳುವ ಗಿಡ, ಒಂದೇ ಒಂದು ಪೆಟ್ಟು ತಡೆದುಕೊಳ್ಳುವುದಿಲ್ಲ: ಆ ಬೇಸಿಗೆಯ ಬೆಂಕಿ. ಕಾಯಿ ಇನ್ನೂ ಕಡ್ಡಿಯ ಮೇಲಿದೆ, ತಾಯಿಗಿಡ ಸತ್ತಿದೆ, ನೆಲದಲ್ಲಿ ಹಿಂದಿನ ಸಾಲಿನ ಬೀಜದ ಉಳಿತಾಯವಿಲ್ಲ. ಎಂಟು ವರ್ಷದ ಗಳಿಕೆಯನ್ನೆಲ್ಲ ಒಂದೇ ಒಣಮೂಟೆಯಲ್ಲಿ ಕಟ್ಟಿ ಬಯಲಿಗಿಟ್ಟಂತೆ.

ಬಾವಲಿ ಒಂದು ಕೆಟ್ಟ ವರ್ಷ ತಾಳುತ್ತದೆ, ಜಾಗ ಹೋದರೆ ತಾಳುವುದಿಲ್ಲ. ಕಾರವಿಗೆ ಗುಡ್ಡದ ಒಂದು ತುಂಡು ಹೋದರೂ ಬದುಕಿದೆ, ಒಂದು ಬೇಸಿಗೆ ಹೋದರೆ ಆ ಇಳಿಜಾರಿನಲ್ಲಿ ಬದುಕಿಲ್ಲ.

ಎಣಿಕೆ ಎಲ್ಲಿ ಎಡವುತ್ತದೆ

ಬಾವಲಿ ಎಣಿಸಲು ಗುಹೆಯೊಳಗೆ ಟಾರ್ಚ್ ಹಿಡಿದು ಹೋಗುವುದು ಮೊದಲ ತಪ್ಪು. ಬೆಳಕು ಬಿದ್ದರೆ ಎಲ್ಲ ಎದ್ದು ಹಾರುತ್ತವೆ, ಬಿರುಕಿನೊಳಗೆ ಇರುವವು ಕಾಣುವುದಿಲ್ಲ, ಹಾಲುಣ್ಣುವ ಮರಿ ಜಾರಿ ನೆಲಕ್ಕೆ ಬಿದ್ದರೆ ಬಹುಮಟ್ಟಿಗೆ ಸತ್ತಂತೆಯೇ. ಸರಿಯಾದ ದಾರಿ ಹೊರಗಿನಿಂದ, ಸಂಜೆ ಹೊರಬೀಳುವಾಗ ಎಣಿಸುವುದು. ಅದಕ್ಕೂ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು. ಸೂರ್ಯಾಸ್ತಕ್ಕೆ 45 ನಿಮಿಷ ಮೊದಲೇ ತಲುಪಿ, ಗುಹೆಯ ಬಾಯಿಗೆ ಎದುರಲ್ಲಿ ಅಲ್ಲ, ಒಂದು ಬದಿಗೆ 15 ಮೀಟರ್ ದೂರದಲ್ಲಿ, ಹಿನ್ನೆಲೆಗೆ ಆಕಾಶ ಸಿಗುವಂತೆ ತಗ್ಗಿ ಕೂರಬೇಕು. ಇಬ್ಬರು ಎಣಿಸುವವರು, ಇಬ್ಬರ ಕೈಯಲ್ಲೂ ಒತ್ತಿ ಎಣಿಸುವ ಕೌಂಟರ್, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಬಾರದು. ಐದು ನಿಮಿಷಕ್ಕೊಮ್ಮೆ ಬರೆದುಕೊಳ್ಳಬೇಕು: ಹೊರಗೆ ಹೋದವು ಎಷ್ಟು, ಒಳಗೆ ಮರಳಿದವು ಎಷ್ಟು. ಮರಳಿದ್ದನ್ನು ಕಳೆಯದಿದ್ದರೆ ಒಂದೇ ಬಾವಲಿ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಸೂರ್ಯಾಸ್ತದ ನಂತರ ಕನಿಷ್ಠ 90 ನಿಮಿಷ ಏಳಬಾರದು, ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಬೇಗ ಎದ್ದು ಹೊರಡುವುದರಲ್ಲೇ. ಮೂರು ಸಂಜೆ ಹೀಗೆ ಮಾಡಿ, ಮೂರರಲ್ಲಿ ಹೆಚ್ಚಿನ ಸಂಖ್ಯೆಯನ್ನು ಹಿಡಿಯಬೇಕು. ಸರಾಸರಿ ತೆಗೆದರೆ ಮಳೆಗೆ ಹೊರಬರದ ಸಂಜೆಯ ದೋಷವೂ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.

ಗುಹೆಯಲ್ಲಿ ಬೇರೆ ಬಾವಲಿಗಳೂ ಇದ್ದರೆ ಬೇರ್ಪಡಿಸಲು ಬ್ಯಾಟ್ ಡಿಟೆಕ್ಟರ್, ಅಂದರೆ ಬಾವಲಿಯ ಕೂಗು ಹಿಡಿಯುವ ಯಂತ್ರ ಬೇಕು. ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಹೆಚ್ಚಿನ ಕುದುರೆಲಾಳ ಬಾವಲಿಗಳ ಕೂಗು 40 ಕಿಲೋಹರ್ಟ್ಸ್‌ಗಿಂತ ಬಹಳ ಮೇಲಿರುತ್ತದೆ. ರಾಟನ್ ಬಾವಲಿಯ ಬಳಗದ್ದು ತೀರಾ ತಗ್ಗು, 20 ಕಿಲೋಹರ್ಟ್ಸ್‌ಗಿಂತ ಕೆಳಗೆ, ಎಳೆಯ ಕಿವಿಯುಳ್ಳವರಿಗೆ ಬರಿಗಿವಿಯಲ್ಲೇ ಸ್ವಲ್ಪ ಕೇಳುವಷ್ಟು. ಹಲವು ಡಿಟೆಕ್ಟರ್‌ಗಳಲ್ಲಿ ಗಾಳಿಯ, ಕೀಟದ ಗದ್ದಲ ತಪ್ಪಿಸಲೆಂದು 16 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡುವ ವ್ಯವಸ್ಥೆ ಇರುತ್ತದೆ. ಅದನ್ನು ಬಂದ್ ಮಾಡದೆ ರೆಕಾರ್ಡ್ ಮಾಡಿದರೆ ಯಾವ ಬಾವಲಿಗಾಗಿ ಬಂದಿರೋ ಅದನ್ನೇ ಯಂತ್ರ ಕಸವೆಂದು ಎಸೆದಿರುತ್ತದೆ. ಆಮೇಲೆ ‘ಇಲ್ಲಿ ಕಂಡುಬರಲಿಲ್ಲ’ ಎಂದು ವರದಿ.

ಕಾರವಿಯ ಎಣಿಕೆ ಸುಲಭವೆಂದು ಕಾಣುತ್ತದೆ, ಗಿಡ ಓಡುವುದಿಲ್ಲವಲ್ಲ. ಆದರೆ ತಪ್ಪು ಇಲ್ಲೇ ದೊಡ್ಡದು. ಹೂವಿನ ವರ್ಷದಲ್ಲಿ ಎಲ್ಲರೂ ಬಂದು ಎಣಿಸುತ್ತಾರೆ, ಫೋಟೊ ತೆಗೆಯುತ್ತಾರೆ, ‘ಸಮೃದ್ಧವಾಗಿದೆ’ ಎನ್ನುತ್ತಾರೆ. ಆ ಎಣಿಕೆಯಲ್ಲಿ ಬಂದ ಪ್ರತಿ ಗಿಡವೂ ಇನ್ನಾರು ತಿಂಗಳಲ್ಲಿ ಸಾಯುವಂಥದ್ದು. ಅದು ಮದುವೆ ಮನೆಯ ಜನ ನೋಡಿ ಊರಿನ ಜನಸಂಖ್ಯೆ ಬರೆದಂತೆ. ಬೇಕಾದದ್ದು ಮುಂದಿನ ಎರಡು ಮಳೆಗಾಲದ ಸಸಿಗಳ ಲೆಕ್ಕ.

ಕ್ರಮ ಹೀಗೆ: ಒಂದು ಇಳಿಜಾರಿಗೆ 5 ಮೀಟರ್ ಚೌಕದ ಹತ್ತು ತುಣುಕುಗಳನ್ನು ಬುಡ, ನಡು, ನೆತ್ತಿಯಲ್ಲಿ ಹಂಚಿ ಗುರುತು ಹಾಕಬೇಕು, ಕಲ್ಲಿಗೆ ಬಣ್ಣ ಬಳಿದು ಜಿಪಿಎಸ್ ಬರೆದಿಟ್ಟರೆ ಸಾಕು. ಹೂವಿನ ವರ್ಷ ಪ್ರತಿ ತುಣುಕಿನಲ್ಲಿ ಹೂಬಿಟ್ಟ ಗಿಡ, ಬಿಡದ ಗಿಡ ಬೇರೆಬೇರೆ ಎಣಿಸಬೇಕು. ಒಂದೇ ಬುಡದಿಂದ ನಾಲ್ಕೈದು ಕಾಂಡ ಬರುವುದರಿಂದ ಎಣಿಸಬೇಕಾದ್ದು ಬುಡವನ್ನು. ಕಾಂಡ ಎಣಿಸಿದರೆ ಸಂಖ್ಯೆ ಉಬ್ಬುತ್ತದೆ. ಹೂಬಿಡದ ಗಿಡಗಳು ಹೆಚ್ಚಿದ್ದರೆ ಅಲ್ಲಿ ಎರಡು ತಲೆಮಾರು ಬೆರೆತಿವೆ ಎಂದರ್ಥ. ಅದು ದೋಷವಲ್ಲ, ಒಂದು ಬೇಸಿಗೆ ಕೆಟ್ಟರೂ ಉಳಿಯುವ ವಿಮೆ. ಮುಂದಿನ ಮಳೆಗಾಲ ಅದೇ ತುಣುಕುಗಳ ಮೂಲೆಯಲ್ಲಿ 1 ಮೀಟರ್ ಚೌಕದ ಕಡ್ಡಿ ಚೌಕಟ್ಟಿಟ್ಟು ಸಸಿ ಎಣಿಸಬೇಕು.

ಸಸಿ ಬಾರದ ನಡುವಿನ ತಿಂಗಳುಗಳಲ್ಲಿ ಇನ್ನೊಂದು ಅಪಾಯ. ಹೂ ಮುಗಿದ ಗುಡ್ಡ ನೋಡಲು ಸುಟ್ಟಂತೆ, ಒಣಕಡ್ಡಿಯ ಬೋಳುಕಾಡು. ಇತಿಹಾಸ ಗೊತ್ತಿಲ್ಲದೆ ಹೊಸದಾಗಿ ಬಂದವರ ಕಣ್ಣಿಗೆ ಅದು ‘ಹಾಳಾದ ಕಾಡು’. ಹಾಳಾದ ಕಾಡಿಗೆ ನಮ್ಮಲ್ಲಿರುವ ಮದ್ದು ಒಂದೇ, ಗುಂಡಿ ತೋಡಿ ಬೇರೆ ಸಸಿ ನೆಡುವುದು. ಇದು ಯಾರ ದುರುದ್ದೇಶವೂ ಅಲ್ಲ. ಎಂಟು ವರ್ಷದ ಗಿಡವನ್ನು ಅದಕ್ಕಿಂತ ಬೇಗ ವರ್ಗವಾಗುವ ನೌಕರರು ಕಾಯುತ್ತಿದ್ದಾರೆ, ಅಷ್ಟೇ. ಹಿಂದಿನ ಹೂ ನೋಡಿದವರು ಮುಂದಿನ ಹೂವಿಗೆ ಅದೇ ಬೀಟ್‌ನಲ್ಲಿ ಇರುವುದು ಅಪರೂಪ. ಕಡತದಲ್ಲಿ ಗುಡ್ಡದ ಹೆಸರು, ಹೂವಿನ ವರ್ಷ ಎಂಬ ಎರಡು ಕಾಲಂ ಇದ್ದಿದ್ದರೂ ಈ ಮರೆವು ತಪ್ಪುತ್ತಿತ್ತು.

ಕಾನೂನು ಯಾರನ್ನು ನೋಡುತ್ತದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಾವಲಿಗಳ ಗತಿ ಬಹುಕಾಲ ಹಾಸ್ಯಾಸ್ಪದವಾಗಿತ್ತು. ಹಣ್ಣುತಿನ್ನುವ ಬಾವಲಿಗಳೆಲ್ಲ ಐದನೇ ಪರಿಚ್ಛೇದದಲ್ಲಿ (ಷೆಡ್ಯೂಲ್, ಅಂದರೆ ಕಾಯ್ದೆಯ ಜೀವಿಗಳ ಪಟ್ಟಿ), ಇಲಿ, ಕಾಗೆಗಳ ಜೊತೆ ‘ಪೀಡೆ’ಗಳಾಗಿದ್ದವು. ಸಲೀಂ ಅಲಿ ಹೆಸರಿನ ಹಣ್ಣುಬಾವಲಿ ಮತ್ತು ನಮ್ಮ ರಾಟನ್ ಬಾವಲಿ ಮಾತ್ರ ಹುಲಿ, ಆನೆಗಳ ಸಾಲಿನ ಮೊದಲ ಪರಿಚ್ಛೇದದಲ್ಲಿದ್ದವು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆರು ಪರಿಚ್ಛೇದಗಳು ನಾಲ್ಕಾದವು, ಪೀಡೆಗಳ ಪರಿಚ್ಛೇದ ಹೋಯಿತು. ಮೊದಲ ಪರಿಚ್ಛೇದದ ಪ್ರಾಣಿಯನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಗದದ ಮೇಲೆ ಬಾವಲಿಗೆ ಇದಕ್ಕಿಂತ ಹೆಚ್ಚು ಏನೂ ಬೇಕಿಲ್ಲ. ತೊಂದರೆ ಏನೆಂದರೆ ಬಾರಾಪೆಡೆಯ ಬಾವಲಿಯನ್ನು ಬೇಟೆಯಾಡಲು ಯಾರೂ ಹೋಗುತ್ತಿಲ್ಲ. ಹೋಗುವವರು ನೋಡಲು, ಫೋಟೊ ಹೊಡೆಯಲು, ವಿಡಿಯೊ ಮಾಡಲು ಹೋಗುತ್ತಾರೆ. ಕೇಸು ನಿಲ್ಲಲು ಸಾಕ್ಷಿ ಬೇಕು, ಬೆದರಿ ಗುಹೆ ಬಿಟ್ಟ ಬಾವಲಿ ಸಾಕ್ಷಿ ಬಿಟ್ಟುಹೋಗುವುದಿಲ್ಲ.

ಗಿಡಗಳಿಗೆ ಈಗ ಮೂರನೇ ಪರಿಚ್ಛೇದ. ಅದರಲ್ಲಿ ನೀಲಕುರಿಂಜಿ ಸೇರಿದೆ, ಕಾರವಿ ಇಲ್ಲ. ಆದ್ದರಿಂದ ಚೋರ್ಲಾ ರಸ್ತೆಯ ಬದಿಯಲ್ಲಿ ಕಾರವಿ ಕಿತ್ತವರಿಗೆ ‘ನೀಲಕುರಿಂಜಿ ಕಿತ್ತಿದ್ದೀರಿ’ ಎಂದು ಹೆದರಿಸಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಾಗೆಂದು ಕಾರವಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಅಭಯಾರಣ್ಯದ ಗಡಿಯೊಳಗೆ 29ನೇ ಕಲಂ ಅನುಮತಿಯಿಲ್ಲದೆ ಅರಣ್ಯೋತ್ಪನ್ನ ತೆಗೆಯುವುದನ್ನೂ ಆವಾಸ ಹಾಳುಮಾಡುವುದನ್ನೂ ತಡೆಯುತ್ತದೆ. ಗಡಿಯ ಹೊರಗೆ, ಜಾಂಬೋಟಿ, ಕಣಕುಂಬಿಯ ರಸ್ತೆಬದಿಯ, ಮಾಲ್ಕಿ (ಖಾಸಗಿ) ಜಮೀನಿನ ಗುಡ್ಡಗಳಲ್ಲಿ ಆ ಕಲಂ ಕೈಗೆ ಸಿಗುವುದಿಲ್ಲ. ಕಾರವಿ ಗಡಿ ನೋಡಿ ಬೆಳೆಯುವುದಿಲ್ಲ. ಗಡಿ ಹಾಕಿದ್ದು 2011ರಲ್ಲಿ, ಕಾರವಿ ಅದಕ್ಕಿಂತ ಹಳೆಯದು. ಕಾರವಿಯನ್ನೂ ಪರಿಚ್ಛೇದಕ್ಕೆ ಸೇರಿಸಿ ಎಂಬ ಕೂಗು ಏಳಬಹುದು. ನಮಗೆ ಅದರಲ್ಲಿ ಹೆಚ್ಚು ಅರ್ಥ ಕಾಣುವುದಿಲ್ಲ. ಸಹ್ಯಾದ್ರಿಯ ಉದ್ದಕ್ಕೂ ಇನ್ನೂ ಧಾರಾಳವಾಗಿರುವ ಗಿಡ ಇದು. ಪಟ್ಟಿಗೆ ಸೇರಿಸಿದರೆ ಬೇಲಿಗೆ ನಾಲ್ಕು ಕಡ್ಡಿ ತಂದ ರೈತನ ಮೇಲೆ ಕೇಸಾಗುತ್ತದೆಯೇ ಹೊರತು ಶಿವರಾತ್ರಿಯ ಮೇಲೆ ಬೀಳುವ ಬೆಂಕಿ ನಿಲ್ಲುವುದಿಲ್ಲ.

ಏನು ಮಾಡಬಹುದು

ಗುಹೆಗೆ ಕಬ್ಬಿಣದ ಗೇಟು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬೇರೆ ದೇಶಗಳಲ್ಲಿ ಗುಹೆಯ ಬಾಯಿಗೆ 15 ಸೆಂಟಿಮೀಟರ್ ಅಂತರದ ಅಡ್ಡಸರಳು ಹಾಕಿ ಮನುಷ್ಯರನ್ನು ತಡೆದು ಬಾವಲಿಯನ್ನು ಬಿಡುವ ರೂಢಿಯಿದೆ. ಅಗಲ ರೆಕ್ಕೆಯ, ನಿಧಾನ ಹಾರುವ ಬಾವಲಿಗಳಿಗೆ ಅದು ಸರಿ. ಉದ್ದ-ಕಿರಿದು ರೆಕ್ಕೆಯವು ಸೂರಿನಿಂದ ಧುಮುಕಿ ವೇಗ ಪಡೆದು ನೆಟ್ಟಗೆ ಹೊರಗೆ ನುಗ್ಗುತ್ತವೆ, ಸರಳಿನ ನಡುವೆ ಹೊರಳಿ ನುಸುಳುವ ಚಾಕಚಕ್ಯತೆ ಅವಕ್ಕಿಲ್ಲ. ಬಾರಾಪೆಡೆಗೆ ಅಂಥ ಗೇಟು ಹಾಕಿದರೆ ರಕ್ಷಣೆಯ ಹೆಸರಲ್ಲಿ ಬಾವಲಿಯನ್ನೇ ಹೊರಹಾಕಿದಂತೆ. ಬೇಕಿದ್ದರೆ ಬಾಯಿಯಿಂದ ದೂರದಲ್ಲಿ, ಹಾರುವ ದಾರಿಗೆ ಅಡ್ಡಬಾರದಂತೆ ತಗ್ಗು ಬೇಲಿ. ಅದಕ್ಕಿಂತ ಅಗ್ಗದ್ದು ಕಾಲುದಾರಿಯನ್ನೇ ಮುಳ್ಳು ಹಾಕಿ ಮುಚ್ಚುವುದು, ಟ್ರೆಕ್ಕಿಂಗ್ ನಕಾಶೆಗಳಿಂದ ಗುಹೆಯ ಗುರುತು ತೆಗೆಸುವುದು.

ತಳೇವಾಡಿಯ ಸ್ಥಳಾಂತರದ ಪ್ರಶ್ನೆ ಇಲ್ಲಿ ಎರಡು ಅಲಗಿನದು. ಜನ ಹೊರಬಂದರೆ ಕಟ್ಟಿಗೆ, ದನದ ಒತ್ತಡ ಕಡಿಮೆಯಾಗುತ್ತದೆ ನಿಜ. ಜೊತೆಗೆ ಅಪರಿಚಿತರು ಬಂದರೆ ‘ಯಾರ ಮನಿಯವರು, ಎಲ್ಲಿಗೆ ಹೊಂಟೀರಿ’ ಎಂದು ಕೇಳುವ ಬಾಯಿಯೂ ಹೋಗುತ್ತದೆ. ಇಷ್ಟು ಕಾಲ ಗುಹೆಯನ್ನು ಕಾದದ್ದರಲ್ಲಿ ಅದರ ದುರ್ಗಮತೆಗೂ ಆ ಪ್ರಶ್ನೆಗೂ ಪಾಲಿದೆ. ಊರು ಖಾಲಿಯಾಗುವ ಮೊದಲೇ ಅಲ್ಲಿನ ಒಬ್ಬಿಬ್ಬರನ್ನು ಕಾವಲಿನ ಕೆಲಸಕ್ಕೆ ತೆಗೆದುಕೊಂಡರೆ ಆ ಕಣ್ಣು ಉಳಿಯುತ್ತದೆ.

ಕಾರವಿಗೆ ಬೇಕಾದದ್ದು ಒಂದೇ ಬೇಸಿಗೆಯ ಎಚ್ಚರ, ಆದರೆ ಮಾಮೂಲಿ ಎಚ್ಚರ ಅಲ್ಲ. ಪ್ರತಿವರ್ಷ ಚಳಿಗಾಲದಲ್ಲಿ ಬೆಂಕಿರೇಖೆಯ (ಬೆಂಕಿ ಹರಡದಂತೆ ಬಿಡುವ ಬೋಳು ಪಟ್ಟಿಯ) ಹುಲ್ಲು ಕೊಯ್ದು, ಬೇಸಿಗೆ ಏರುವ ಮೊದಲು ಅದನ್ನು ಹದವಾಗಿ ಸುಡುವುದು ರೂಢಿ. ಹೂವಿನ ನಂತರದ ವರ್ಷ ಆ ರೂಢಿಯೇ ಅಪಾಯ. ಬೇರೆ ವರ್ಷ ರೇಖೆಯ ಪಕ್ಕದಲ್ಲಿ ಹಸಿ ಕಾರವಿ ಇರುತ್ತದೆ, ಕಿಡಿ ಹಾರಿದರೂ ಬೇಗ ಹತ್ತುವುದಿಲ್ಲ. ಈ ವರ್ಷ ಆಳೆತ್ತರದ ಒಣಕಡ್ಡಿ. ಉರಿ ನೆಲದ ಮೇಲೆ ಹರಿಯದೆ ಮೇಲೇರುತ್ತದೆ, ಗಾಳಿಗೆ ಹೂಗೊಂಚಲಿನ ಒಣತುಣುಕು ಹೊತ್ತಿಕೊಂಡು ರೇಖೆ ದಾಟುತ್ತದೆ. 3 ಮೀಟರ್ ರೇಖೆ ಆಗ ಸಾಲುವುದಿಲ್ಲ. ರೇಖೆಯನ್ನು ಕಡ್ಡಿಯ ಎತ್ತರದ ಎರಡರಷ್ಟಾದರೂ ಅಗಲ ಮಾಡಿ, ಸುಡದೆ ಕೆರೆದು ಮಣ್ಣು ಕಾಣುವಂತೆ ಬಿಡಬೇಕು. ಇದಕ್ಕೆ ಆಳು ಹೆಚ್ಚು ಬೇಕು, ಖರ್ಚು ಹೆಚ್ಚು. ಆದರೆ ಒಂದು ಇಳಿಜಾರಿಗೆ ಎಂಟು ವರ್ಷಕ್ಕೊಮ್ಮೆ ಬರುವ ಖರ್ಚು. ಅನುದಾನ ವರ್ಷವರ್ಷಕ್ಕೆ ಸಮನಾಗಿ ಹಂಚುವ ಪದ್ಧತಿಗೆ ಇದು ಒಗ್ಗುವುದಿಲ್ಲ, ತಂಟೆ ಇರುವುದೇ ಅಲ್ಲಿ.

ಕಡ್ಡಿ ಬೇಕಾದ ರೈತರಿಗೆ ಹೇಳಬೇಕಾದ್ದು ‘ಮುಟ್ಟಬೇಡಿ’ ಎಂದಲ್ಲ, ‘ಯಾವಾಗ’ ಎಂದು. ಅಭಯಾರಣ್ಯದ ಹೊರಗಿನ ಮಾಲ್ಕಿ ಗುಡ್ಡಗಳಲ್ಲಿ ಹೂವಿನ ನಂತರದ ಹೋಳಿ, ಯುಗಾದಿಯ ಹೊತ್ತಿಗೆ ಒಣಕಡ್ಡಿ ಕೊಯ್ದು ಹೊರೆ ಕಟ್ಟಿದರೆ ಬೀಜವೆಲ್ಲ ಹೊರೆಯ ಜೊತೆ ಮನೆಗೆ ಹೋಗಿ ಅಟ್ಟದ ಮೇಲೆ ಕೂರುತ್ತದೆ. ಅದೇ ಕಡ್ಡಿಯನ್ನು ಮಿರಗ ಕಳೆದು, ಕಾಯೆಲ್ಲ ಸಿಡಿದ ಮೇಲೆ ದೀಪಾವಳಿಯ ಹೊತ್ತಿಗೆ ತಂದರೆ ಗುಡ್ಡಕ್ಕೆ ನಷ್ಟವಿಲ್ಲ. ಮಳೆ ತಿಂದ ಕಡ್ಡಿ ಗೋಡೆಗೆ ಅಷ್ಟು ಗಟ್ಟಿಯಲ್ಲ ಎಂಬ ದೂರು ಬರುತ್ತದೆ, ಅದು ನಿಜವೂ ಹೌದು. ಗೋಡೆಗೆ ಗಟ್ಟಿ ಕಡ್ಡಿಯೇ ಬೇಕೆಂದರೆ ಹೂವಿಗೆ ಇನ್ನೂ ನಾಲ್ಕೈದು ವರ್ಷ ಇರುವ ಬೇರೆ ಗುಡ್ಡದಿಂದ, ಬುಡಕ್ಕೆ ಎರಡು ಕಾಂಡ ಉಳಿಸಿ ಕೊಯ್ಯುವುದು ವಾಸಿ.

ಹೂ ನೋಡಲು ಬರುವ ಜನರನ್ನು ತಡೆಯುವುದಕ್ಕಿಂತ ದಾರಿಗೆ ಹಚ್ಚುವುದು ಸುಲಭ. ಗಿಡ ತುಳಿದರೆ ಆ ಗಿಡದ ಕಾಯಿ ಹೋಗುತ್ತದೆ, ಗುಡ್ಡ ಹೋಗುವುದಿಲ್ಲ. ಅಸಲಿ ಕಾವಲು ಬೇಕಾದ್ದು ಜನ ಮರಳಿ ಹೋದ ಮೇಲೆ, ಜನವರಿಯಿಂದ ಮಿರಗದವರೆಗೆ, ನೋಡಲು ಏನೂ ಇಲ್ಲದ ಐದು ತಿಂಗಳು. ಆ ಐದು ತಿಂಗಳು ದಾಟಿ, ಮಳೆ ಹಿಡಿದ ಮೂರ್ನಾಲ್ಕು ವಾರಕ್ಕೆ ಚೌಕಟ್ಟಿಟ್ಟು ನೋಡಿದಾಗ ಒಣಕಡ್ಡಿಯ ಬುಡದಲ್ಲಿ ಎರಡೆಲೆಯ ಸಸಿಗಳು ಚದರ ಮೀಟರಿಗೆ ಹತ್ತಾರು ಸಿಗಬೇಕು. ಹತ್ತು ಚೌಕಟ್ಟಿನಲ್ಲಿ ಏಳೆಂಟು ಖಾಲಿ ಇದ್ದರೆ ಆ ಇಳಿಜಾರಿಗೆ ಪಕ್ಕದ ಗುಡ್ಡದ ಮುಂದಿನ ಹೂವಿನ ಬೀಜ ತಂದು ಎರಚಬೇಕಾಗುತ್ತದೆ. ಆ ಗುಡ್ಡ ಯಾವ ವರ್ಷ ಹೂಬಿಡುತ್ತದೆ ಎಂದು ಎಲ್ಲಾದರೂ ಬರೆದಿಟ್ಟಿದ್ದರೆ.